ಕೋಲಾರ ಕ್ಲಾಕ್ ಟವರ್ ಹತ್ರದ ಮ್ಯಾಥ್ಸ್ ಟ್ಯೂಷನ್: 4 ಸ್ಟಾರ್ ಯಾಕೆ ಕೊಟ್ಟೆ ಅಂದ್ರೆ

ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಜೂನಿಂದ ಇಲ್ಲಿಗೆ ಹಾಕಿದೀವಿ, ತಿಂಗಳಿಗೆ 700. ಮೊದಲು ಬೈದ್ಬಿಡ್ತೀನಿ. ಗಾಡಿ ನಿಲ್ಸೋಕೆ ಜಾಗ ಇಲ್ಲ, ಮಹಡಿ ಮೆಟ್ಟಿಲು ಕಡಿದು, ಕರೆಂಟ್ ಹೋದ್ರೆ ಮಕ್ಳು ಮೊಬೈಲ್ ಟಾರ್ಚಲ್ಲಿ ಬರೀಬೇಕು, ಯುಪಿಎಸ್ ಹಾಕ್ಸಿ ಸಾರ್ ಅಂತ ಮೂರು ಸಲ ಹೇಳಿದೀನಿ, ಒಂದು ಸ್ಟಾರ್ ಹೋಗಿದ್ದು ಅದಕ್ಕೇ.

ಪಾಠ ಮಾತ್ರ ಸೂಪರ್. ಹೋದ ವರ್ಷ ಬೇರೆ ಕಡೆ ಹೋಗ್ತಿದ್ಲು, ಅಲ್ಲಿ ಎಕ್ಸ್ ಬೆಲೆ ಕಂಡುಹಿಡಿ ಅನ್ನೋದು ಬಿಟ್ರೆ ಬೇರೆ ಮಾತಿಲ್ಲ, ಹಂಗಾಗಿ ಲೆಕ್ಕದ ಮಧ್ಯೆ ಎಕ್ಸೇ ಮಾಯ ಆದ್ರೆ ನಾನೇ ತಪ್ಪು ಮಾಡ್ದೆ ಅಂತ ಸರಿ ಇರೋದನ್ನೂ ರಬ್ಬರಲ್ಲಿ ಅಳಿಸಿ ಕೂರೋಳು. ಇಲ್ಲಿ ಮೇಷ್ಟ್ರು ಮಂಡಿ ಟೆಂಪೋ ಬಾಡಿಗೆ ಇಟ್ಕೊಂಡು ಹೇಳ್ಕೊಟ್ರು. ಒಬ್ಬ ಟೆಂಪೋದವ್ನು 200 ರೂಪಾಯಿ, ಮೇಲೆ ಟೊಮೆಟೊ ಬಾಕ್ಸಿಗೆ 10 ಅಂತಾನೆ, ಇನ್ನೊಬ್ಬ 100, ಬಾಕ್ಸಿಗೆ 15. ಎಷ್ಟು ಬಾಕ್ಸಿಗೆ ಇಬ್ರದ್ದೂ ಒಂದೇ ಆಗುತ್ತೆ? 200 + 10ಎಕ್ಸ್ = 100 + 15ಎಕ್ಸ್, ಎಕ್ಸ್ 20, ಒಂದೇ ಉತ್ತರ. ಎರಡನೆಯವ್ನು 300, ಬಾಕ್ಸಿಗೆ 10 ಅಂದ್ರೆ? ಎರಡೂ ಕಡೆ 10ಎಕ್ಸ್ ಹೋಗಿ 200 = 300 ಅಂತ ಉಳಿಯುತ್ತೆ, ಅದು ಸುಳ್ಳು, ಅಂದ್ರೆ ಎಷ್ಟೇ ಬಾಕ್ಸ್ ಹಾಕಿದ್ರೂ ಇಬ್ರೂ ಸಮ ಆಗಲ್ಲ, ಪರಿಹಾರ ಇಲ್ಲ. (ನಮ್ಮ ಕಡೆ ಪರಿಹಾರ ಇಲ್ಲ ಅಂದ್ರೆ ಆಲಿಕಲ್ಲು ಮಳೇನೇ ನೆನಪಾಗೋದು ಬಿಡಿ.) ಮೂರನೆಯವ್ನು ಜಾಣ, ನಿಮ್ ಬಾಕ್ಸಿಗೆ 20 ಸೇರ್ಸಿ ಬಾಕ್ಸಿಗೆ ಹತ್ತೇ ಕೊಡಿ ಅಂತಾನೆ. 10(ಎಕ್ಸ್ + 20), ಬಿಡಿಸಿದ್ರೆ ಮೊದಲನೆಯವ್ನ ರೇಟೇ! 200 = 200 ಉಳಿಯುತ್ತೆ, ಯಾವ ಸಂಖ್ಯೆ ಹಾಕಿದ್ರೂ ಸರಿ, ಅಪರಿಮಿತ ಪರಿಹಾರ.

ನಂಗೆ ಜಾಸ್ತಿ ಹಿಡಿಸಿದ್ದು 5ಎಕ್ಸ್ = 3ಎಕ್ಸ್ ಅನ್ನೋ ಲೆಕ್ಕ. ಮಗಳು ಎರಡೂ ಕಡೆ ಎಕ್ಸ್ ಹೊಡೆದು 5 = 3, ಪರಿಹಾರ ಇಲ್ಲ ಅಂತ ಬರೆದಿದ್ಲು, ನಾನೂ ಹೌದು ಅಂದೆ. ಮೇಷ್ಟ್ರು ಇಂಟು ಹಾಕಿ ಕಳಿಸಿದ್ರು. ಎಕ್ಸ್‌ನಿಂದ ಭಾಗಿಸೋ ಮುಂಚೆ ಅದು ಸೊನ್ನೆ ಇರಬಹುದಾ ಅಂತ ನೋಡ್ಬೇಕಂತೆ, 3ಎಕ್ಸ್ ಕಳೆದ್ರೆ 2ಎಕ್ಸ್ = 0, ಎಕ್ಸ್ ಸೊನ್ನೆ. ಉತ್ತರ ಸೊನ್ನೆ ಬಂದ್ರೆ ಅದೂ ಒಂದು ಉತ್ತರಾನೇ, ಉತ್ತರ ಇಲ್ಲ ಅಂತಲ್ಲ. ಇಷ್ಟು ವಯಸ್ಸಾಯ್ತು, ಇದನ್ನ ನಂಗ್ಯಾರೂ ಹೇಳಿರ್ಲಿಲ್ಲ ಕಣ್ರೀ.

ಎಸ್ಸೆಸ್ಸೆಲ್ಸಿ ಬ್ಯಾಚ್ ಬಗ್ಗೆ ಅಷ್ಟು ಹೇಳಕ್ಕಾಗಲ್ಲ. ಅಣ್ಣನ ಮಗ ಅಲ್ಲೇ ಹೋಗ್ತಾನೆ, 3ಎಕ್ಸ್ + ವೈ = 7, 6ಎಕ್ಸ್ + 2ವೈ = 14 ಇದ್ರೆ ಗ್ರಾಫಲ್ಲಿ ಎರಡೂ ಒಂದೇ ಗೆರೆ, ಆ 14ನ 15 ಮಾಡಿದ್ರೆ ಸಾಕು, ಸಮಾಂತರ ಆಗಿ ಪರಿಹಾರಾನೇ ಇರಲ್ಲ ಅಂತ ಗಡಗಡ ಹೇಳ್ತಾನೆ, ಗ್ರಾಫ್ ಹಾಕಪ್ಪ ಅಂದ್ರೆ ಅನುಪಾತದ ಸೂತ್ರ ತೋರಿಸ್ತಾನೆ. ಅರವತ್ತು ಮಕ್ಳು ತುಂಬಿದ್ರೆ ಇನ್ನೇನಾಗುತ್ತೆ. ಎಂಟು, ಒಂಬತ್ತಕ್ಕೆ ಕಣ್ಮುಚ್ಚಿ ಸೇರ್ಸಿ, ಹತ್ತಕ್ಕೆ ಒಂದು ವಾರ ಕೂರ್ಸಿ ನೋಡಿ.

ಆಮೇಲೆ ಇನ್ನೊಂದು, ಆ ಟೆಂಪೋ ಲೆಕ್ಕ ಮುಗಿಸಿ ಮಗಳು ಕೇಳಿದ್ಲು, ಅಪ್ಪಾ ನಾವು ಮಂಡಿಗೆ ಮೂವತ್ತು ಬಾಕ್ಸ್ ಹಾಕ್ತೀವಲ್ಲ, ಯಾವ ರೇಟಿಗೆ? ನೂರು ಮತ್ತು ಹದಿನೈದರ ರೇಟಿಗೇ ಕಣಮ್ಮ ಅಂದೆ. ಟ್ರಿಪ್ಪಿಗೆ 50 ರೂಪಾಯಿ ಲಾಸು ಅಂದ್ಲು.