ಮೂವರ ಮೂರು ಕಾಯಿಲೆಗೆ ಒಂದೇ ಪುಡಿ: ಕೀಲು ನೋವಿನ ಶಿಬಿರಕ್ಕೆ ಹೋಗುವ ಮುಂಚೆ ಓದಿ

ನಿನ್ನೆ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಗೋಡೆಯಲ್ಲಿ ನಾವು ಹೋಗಿದ್ದ ಕೀಲು ನೋವಿನ ಶಿಬಿರದ ಅದೇ ಕರಪತ್ರ ನೋಡಿದೆ. ಹೆಸರು ಬೇರೆ, ಫೋಟೊ ಅದೇ. ಮಂಡಿ ನೋವು, ಆಮವಾತ, ಯೂರಿಕ್ ಆಸಿಡ್ ಎಲ್ಲಕ್ಕೂ ಶಾಶ್ವತ ಪರಿಹಾರ, ತಪಾಸಣೆ ಉಚಿತ. ಮೈಯೆಲ್ಲ ಉರಿದು ಹೋಯಿತು. ಇವರನ್ನು ನಂಬಿ ಎಂಟು ತಿಂಗಳು ಕಳೆದೆವು, ಅಮ್ಮನ ಬಲಗೈಯ ಎರಡು ಬೆರಳು ಸೊಟ್ಟಗಾದವು. ಓದಿದವನಾಗಿ ಹೀಗೆ ಮೋಸ ಹೋದೆ ಅಂತ ಹೇಳಿಕೊಳ್ಳಲು ನಾಚಿಕೆಯಾಗಿ ಇಷ್ಟು ದಿನ ಸುಮ್ನಿದ್ದೆ. ಇನ್ನು ಆಗುವುದಿಲ್ಲ.

ನಮ್ಮೂರು ಬೇಲೂರು ತಾಲ್ಲೂಕು. ಅಮ್ಮನಿಗೆ 52. ಹೋದ ಮಳೆಗಾಲದಲ್ಲಿ ಶುರುವಾಯಿತು. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲು ಆಗುತ್ತಿರಲಿಲ್ಲ. ಬಿಸಿನೀರಲ್ಲಿ ಕೈ ಅದ್ದಿಕೊಂಡು ಒಂದು ಗಂಟೆ ಕೂತ ಮೇಲೆಯೇ ರೊಟ್ಟಿ ತಟ್ಟಲು ಆಗುತ್ತಿದ್ದದ್ದು. ಥಂಡಿಗೆ ವಾತ ಹಿಡಿದಿದೆ ಅಂದುಕೊಂಡೆವು. ಎಲ್ಲರ ಮನೆಯಲ್ಲೂ ಹಾಗೇ ಅಂದುಕೊಳ್ಳುವುದು ಅಲ್ವಾ.

ಚಿಕ್ಕಮಗಳೂರಿನ ಒಂದು ಛತ್ರದಲ್ಲಿ ಶಿಬಿರ ಇದೆ ಅಂತ ಗೊತ್ತಾಯಿತು. ಅಮ್ಮನ ಜೊತೆ ಚಿಕ್ಕಪ್ಪನನ್ನೂ ಪಕ್ಕದ ಮನೆ ಅಜ್ಜಿಯನ್ನೂ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಚಿಕ್ಕಪ್ಪನಿಗೆ ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡು ಹೊದಿಕೆ ತಾಗಿದರೂ ಕೂಗುವಷ್ಟು ನೋವು. ಅಜ್ಜಿಗೆ ಮಂಡಿ, ಮೆಟ್ಟಿಲು ಹತ್ತಿದರೆ ಜಾಸ್ತಿ, ಕೂತರೆ ಕಡಿಮೆ. ಮೂವರ ಕೈಗೂ ಒಂದು ಲೋಹದ ಕಡ್ಡಿ ಹಿಡಿಸಿದರು. ಒಂದು ನಿಮಿಷ. ಕಂಪ್ಯೂಟರಿನಿಂದ ಪುಟಗಟ್ಟಲೆ ರಿಪೋರ್ಟ್ ಬಂತು. ರಕ್ತ ತೆಗೆಯಲಿಲ್ಲ, ಎಕ್ಸ್‌ರೇ ಇಲ್ಲ, ಬೆರಳನ್ನು ಮುಟ್ಟಿ ಕೂಡ ನೋಡಲಿಲ್ಲ.

ಅಮ್ಮನಿಗೆ ಹೇಳಿದ್ದು, "ಇದು ಹಂದಿಗೋಡು ಕಾಯಿಲೆ ಥರ ಇದೆ, ಬಿಟ್ಟರೆ ತೆವಳಬೇಕಾಗುತ್ತೆ." ಮಲೆನಾಡಿನವರಿಗೆ ಆ ಹೆಸರು ಸಾಕು, ಎದೆ ಝಲ್ಲೆನ್ನುತ್ತದೆ. ಅಮ್ಮ ಅಲ್ಲೇ ಅತ್ತುಬಿಟ್ಟರು. ಆಮೇಲೆ ಡಾಕ್ಟರ್ ಹೇಳಿದ ಮೇಲೆ ತಿಳಿಯಿತು, ಅದು 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಕಂಡ ಕಾಯಿಲೆ, ಚಿಕ್ಕಮಗಳೂರು ಜಿಲ್ಲೆಯ ಕೆಲವು ಊರುಗಳಲ್ಲೂ ಇದೆ, ವಂಶದಲ್ಲಿ ಬರುತ್ತದೆ, ಹೆಚ್ಚಾಗಿ ಸೊಂಟದ ಕೀಲು ಮತ್ತು ಮಂಡಿಯನ್ನು ಹಾಳು ಮಾಡುತ್ತದೆ. 52ನೇ ವಯಸ್ಸಿಗೆ ಬೆರಳಿನಲ್ಲಿ ಶುರುವಾಗುವುದಲ್ಲ. ನಮ್ಮನ್ನು ಹೆದರಿಸಲು ಆ ಹೆಸರು ಬಳಸಿದರು, ಅಷ್ಟೇ.

ತಲೆಗೆ ತಿಂಗಳಿಗೆ 2,800 ರೂಪಾಯಿ. ಮೂವರಿಗೂ ಒಂದೇ ಬಣ್ಣದ, ಒಂದೇ ವಾಸನೆಯ ಪುಡಿ. ನಾನು ಕೇಳಿದೆ, "ಮೂವರಿಗೂ ಇದೇನಾ?" ಅಂತ. "ಮೂಲ ಒಂದೇ ಸರ್, ವಾತ" ಅಂದರು. ನಾನು ತಲೆ ಆಡಿಸಿದೆ. ಮೂವರ ನೋವು ಮೂರು ಥರ ಅಂತ ಕಣ್ಣಿಗೆ ಕಾಣುತ್ತಿತ್ತು, ಆದರೂ ತಲೆ ಆಡಿಸಿದೆ. ಆ ಒಂದು ಕ್ಷಣ ಇವತ್ತಿಗೂ ಚುಚ್ಚುತ್ತದೆ.

ಮೂರನೇ ದಿನಕ್ಕೆ ಮೂವರ ನೋವೂ ಮಾಯ. ನಿಜವಾಗಲೂ ಮಾಯ. ಅಮ್ಮ ಕಾಫಿ ಕೊಯ್ಲಿಗೂ ಹೋದರು. ಮುಖ ದುಂಡಗಾಯಿತು, ಬಂದವರೆಲ್ಲ "ಮೈ ತುಂಬಿಕೊಂಡಿದ್ದೀರಿ" ಅಂದರು. ನಮಗೆ ಖುಷಿ. ಆಮೇಲೆ ತೋಳಿನ ಮೇಲೆ ಸುಮ್ನೆ ತಾಗಿದರೂ ನೀಲಿ ಕಲೆ. ರಾತ್ರಿ ಮೂತ್ರಕ್ಕೆ ನಾಲ್ಕೈದು ಸಲ ಏಳುವುದು. ಸಕ್ಕರೆ ಪರೀಕ್ಷೆ ಮಾಡಿಸಿದರೆ 340. ಅಮ್ಮನಿಗೆ ಅದುವರೆಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ.

ವಾಟ್ಸಾಪಿನಲ್ಲಿ ಅವರನ್ನು ಕೇಳಿದೆ. ಉತ್ತರ ಬಂದದ್ದು ಹೀಗೆ: "ಹಳೇ ವಿಷ ಹೊರಗೆ ಬರ್ತಾ ಇದೆ, ಒಳ್ಳೇ ಲಕ್ಷಣ." ಪುಡಿಯಲ್ಲಿ ಏನೇನಿದೆ, ಪಟ್ಟಿ ಕಳಿಸಿ ಅಂದೆ. "ಅದು ಗುರುಗಳ ಗುಟ್ಟು, ಹೇಳಿದರೆ ಗುಣ ಹೋಗುತ್ತೆ." ಊತ, ನೋವು ಬೇಗ ಇಳಿಸುವ ಸ್ಟೀರಾಯ್ಡ್ ಔಷಧಿ ಏನಾದರೂ ಇದೆಯಾ ಅಂದೆ. "ಪಥ್ಯ ಸರಿಯಾಗಿ ಮಾಡಿಲ್ಲ, ನಿಮ್ಮ ತಪ್ಪಿಗೆ ನಮ್ಮನ್ನು ದೂರಬೇಡಿ." ಬಿಲ್ ಕೇಳಿದೆ. ಬ್ಲಾಕ್ ಮಾಡಿದರು. ಎಂಟು ತಿಂಗಳು ಪ್ರತಿ ಒಂದನೇ ತಾರೀಕು ತಪ್ಪದೆ ದುಡ್ಡು ಕೇಳುತ್ತಿದ್ದ ನಂಬರ್ ಅದು.

ಸಿಟ್ಟಿನಲ್ಲಿ ನಾನು ಇದ್ದ ಪುಡಿಯನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿದೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮೂರನೇ ದಿನ ಅಮ್ಮನಿಗೆ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ, ಬಚ್ಚಲಲ್ಲಿ ಕುಸಿದು ಬಿದ್ದರು. ಹಾಸನಕ್ಕೆ ಕರೆತರುವ ಹೊತ್ತಿಗೆ ಬಿ.ಪಿ. ಪಾತಾಳಕ್ಕೆ ಇಳಿದಿತ್ತು. ಡಾಕ್ಟರ್ ಅಮ್ಮನ ಮುಖ ನೋಡಿದ ಕೂಡಲೇ ಕೇಳಿದ ಮೊದಲ ಮಾತು, "ಯಾವ ಪುಡಿ ತಿಂತಿದ್ದರು?" ನಾನಿನ್ನೂ ಏನೂ ಹೇಳಿರಲಿಲ್ಲ. ನೆಲ ಕುಸಿದ ಹಾಗಾಯಿತು.

ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಹೋದರೆ ಮೂತ್ರಪಿಂಡದ ಮೇಲಿರುವ ಗ್ರಂಥಿ ತಾನು ಮಾಡುವ ಕೆಲಸ ನಿಲ್ಲಿಸಿಬಿಡುತ್ತದಂತೆ. ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಅದೂ ಡಾಕ್ಟರ್ ನೋಡಿಕೊಂಡು. ಪುಡಿಯನ್ನು ಲ್ಯಾಬಿಗೆ ಕಳಿಸಲು ಒಂದು ಚಿಟಿಕೆಯೂ ಉಳಿದಿರಲಿಲ್ಲ, ನಾನೇ ಸುರಿದಿದ್ದೆ. ಆದರೆ ಮುಖ, ಸಕ್ಕರೆ, ಚರ್ಮ, ಕುಸಿದದ್ದು ಎಲ್ಲ ಸೇರಿಸಿ ನೋಡಿದರೆ ಪುಡಿಯಲ್ಲಿ ಸ್ಟೀರಾಯ್ಡ್ ಇತ್ತು ಅನ್ನುವುದರಲ್ಲಿ ಡಾಕ್ಟರಿಗೆ ಅನುಮಾನವೇ ಇರಲಿಲ್ಲ.

ಆಮೇಲೆ ಸರಿಯಾದ ರಕ್ತ ಪರೀಕ್ಷೆ ಆಯಿತು. ಆಮವಾತ ಪತ್ತೆ ಮಾಡಲು ನೋಡುವ ಆಂಟಿ ಸಿಸಿಪಿ ಪರೀಕ್ಷೆ ಪಾಸಿಟಿವ್ ಬಂತು. ಅಮ್ಮನಿಗೆ ಇರುವುದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಆಮವಾತ. ಸವಕಳಿಯಲ್ಲ, ವಯಸ್ಸಿನದೂ ಅಲ್ಲ. ಮೈಯ ರಕ್ಷಣೆ ಮಾಡಬೇಕಾದ ವ್ಯವಸ್ಥೆಯೇ ತನ್ನ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮೊದಲ ಕೆಲವು ತಿಂಗಳಲ್ಲಿ ಸರಿಯಾದ ಔಷಧಿ ಶುರು ಮಾಡಿದರೆ ಮೂಳೆ ಉಳಿಸಿಕೊಳ್ಳಬಹುದು. ಆ ತಿಂಗಳುಗಳೇ ನಮ್ಮ ಕೈತಪ್ಪಿ ಹೋದದ್ದು. ನೋವು ಮಾತ್ರ ಮುಚ್ಚಿಹೋಗಿತ್ತು, ಒಳಗೆ ಮೂಳೆ ಸವೆಯುತ್ತಲೇ ಇತ್ತು. ಎಕ್ಸ್‌ರೇಯಲ್ಲಿ ತೋರಿಸಿದರು. ನೋಡಲು ಆಗಲಿಲ್ಲ.

ಚಿಕ್ಕಪ್ಪನದು ಗೌಟ್, ಯೂರಿಕ್ ಆಸಿಡ್ ಹರಳಾಗಿ ಕೀಲಲ್ಲಿ ಕೂರುವುದು. ಪುಡಿಯಿಂದ ಊತ ಇಳಿದಿತ್ತು, ಯೂರಿಕ್ ಆಸಿಡ್ ಅಲ್ಲೇ ಇತ್ತು. ಅಜ್ಜಿಯದು ಮಾತ್ರ ನಿಜವಾದ ಮಂಡಿ ಸವೆತ. ಅದಕ್ಕೆ ಬೇಕಾದದ್ದು ತೂಕ ಇಳಿಸುವುದು, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ.

ಅಮ್ಮ ಈಗ ಆ ಕಾಯಿಲೆಯನ್ನು ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ಅನ್ನುವ ಔಷಧಿ ತೆಗೆದುಕೊಳ್ಳುತ್ತಾರೆ, ವಾರಕ್ಕೆ ಒಂದೇ ದಿನ, ಭಾನುವಾರ. ದಿನಾ ನುಂಗಿದರೆ ಅದೂ ಜೀವಕ್ಕೇ ಅಪಾಯ, ಅದಕ್ಕೇ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದ್ದೇನೆ. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಲಿವರ್ ನೋಡಿಕೊಳ್ಳುತ್ತೇವೆ. ಊತ ಇಳಿದಿದೆ. ಸೊಟ್ಟಗಾದ ಬೆರಳು ನೆಟ್ಟಗಾಗುವುದಿಲ್ಲ ಅಂದಿದ್ದಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಕೈ ಬಿಗಿ ಇದ್ದರೆ, ಎರಡೂ ಕೈಯ ಸಣ್ಣ ಕೀಲು ಊದಿದ್ದರೆ, ಕೀಲುವಾತದ ತಜ್ಞರನ್ನು (ರುಮಟಾಲಜಿಸ್ಟ್) ಹುಡುಕಿಕೊಂಡು ಹೋಗಿ. ಒಂದೇ ಕೀಲು ದಿಢೀರ್ ಊದಿ ಜ್ವರವೂ ಬಂದರೆ ಸೋಂಕಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಬಿಲ್ ಕೊಡದವರ, ಏನು ಹಾಕಿದ್ದೇವೆ ಅಂತ ಹೇಳದವರ ಪುಡಿ ಬೇಡ. ಈಗಾಗಲೇ ತಿನ್ನುತ್ತಿದ್ದರೆ ನನ್ನ ಹಾಗೆ ಎಸೆಯಬೇಡಿ. ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ.

ಪಕ್ಕದ ಮನೆ ಅಜ್ಜಿ ಇನ್ನೂ ಬಿಟ್ಟಿಲ್ಲ. ಬೇರೆ ಯಾರದೋ ಕೈಲಿ ತರಿಸಿಕೊಳ್ಳುತ್ತಾರೆ. "ನಂಗೆ ನೋವಿಲ್ವಲ್ಲ, ನಿಂಗೇನು" ಅನ್ನುತ್ತಾರೆ. ಅಲ್ಲಿಗೆ ಕರೆದುಕೊಂಡು ಹೋದವನು ನಾನು, ಜೋರಾಗಿ ಹೇಳಲು ಬಾಯಿ ಬರುವುದಿಲ್ಲ. ನಾಳೆ ಬೆಳಿಗ್ಗೆ ಅಮ್ಮನನ್ನು ಜೊತೆಗೆ ಕರೆದುಕೊಂಡು ಅವರ ಮನೆಗೆ ಹೋಗುತ್ತೇನೆ. ಅಮ್ಮ ತನ್ನ ಕೈ ತೋರಿಸುತ್ತೇನೆ ಅಂದಿದ್ದಾರೆ.