ಹಳೆಯ ಗಾಳಗಾರನ ಕಣ್ಣಲ್ಲಿ ಭೀಮೇಶ್ವರಿ ಶಿಬಿರ

ಕಾವೇರಿಯಲ್ಲಿ ಬಿಳಿಮೀನಿಗಾಗಿ, ಅಂದರೆ ಇಂಗ್ಲಿಷಿನವರು ಮಹಸೀರ್ ಎನ್ನುವ ದೊಡ್ಡ ಹೊಳೆಮೀನಿಗಾಗಿ, ಗಾಳ ಹಾಕಿ, ಹಿಡಿದದ್ದನ್ನು ತೂಗಿ ಮತ್ತೆ ನೀರಿಗೇ ಬಿಡುತ್ತಿದ್ದ ನನ್ನ ಹಳೆಯ ಗೆಳೆಯರಲ್ಲಿ ಹಲವರು, ಗಾಳಕ್ಕೆ ಅವಕಾಶವೇ ಇಲ್ಲದ ಮೇಲೆ ಭೀಮೇಶ್ವರಿಗೆ ಹೋಗಿ ಮಾಡುವುದೇನು ಎಂದು ಕೇಳುತ್ತಾರೆ. ಹೋಗಲೇಬೇಕು ಎಂಬುದು ನನ್ನ ಉತ್ತರ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಕಾವೇರಿ ವನ್ಯಜೀವಿಧಾಮದ ನಡುವೆ, ರಾಜ್ಯ ಸರ್ಕಾರಕ್ಕೆ ಸೇರಿದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುತ್ತಿರುವ ಈ ಶಿಬಿರ ಒಂದು ಕಾಲದಲ್ಲಿ ಕಾವೇರಿ ಫಿಶಿಂಗ್ ಕ್ಯಾಂಪ್ ಎಂದೇ ಪ್ರಪಂಚದ ಗಾಳಗಾರರಿಗೆ ಪರಿಚಿತವಾಗಿತ್ತು. ಈಗ ಅದು ಸಾಹಸ ಮತ್ತು ನಿಸರ್ಗ ಶಿಬಿರ. ಮೊದಲ ಸಲ ಹೋಗುವವರಿಗೂ ಈ ಬರಹದಿಂದ ಉಪಯೋಗವಾಗಬಹುದು, ಆದರೆ ನಾನಿದನ್ನು ಮುಖ್ಯವಾಗಿ ಆ ಹಳೆಯ ದಿನಗಳನ್ನು ಬಲ್ಲವರಿಗಾಗಿ ಬರೆಯುತ್ತಿದ್ದೇನೆ.

ಇಲ್ಲಿನ ಹೊಳೆಯ ಸ್ವಭಾವ ತಿಳಿಯಬೇಕಾದರೆ ಮೇಲಿನ ಶಿವನಸಮುದ್ರವನ್ನು ನೆನೆಯಬೇಕು. ಅಲ್ಲಿ ಒಡ್ಡು ಕಟ್ಟಿ, ನಾಲೆಗೆ ನೀರು ತಿರುಗಿಸಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದೂ ಅದೇ ನೀರಿನಿಂದ. ಬೇಸಿಗೆಯಲ್ಲಿ ಅಲ್ಲಿನ ಯಂತ್ರಗಳಿಗೆ ನೀರು ಸಾಲದೆ ಹೋಗುತ್ತಿದ್ದುದು ಕನ್ನಂಬಾಡಿ ಕಟ್ಟೆಯ ಯೋಜನೆ ಹುಟ್ಟಲು ಒಂದು ಮುಖ್ಯ ಕಾರಣವಾಯಿತು. ಶಿಂಷಾ ವಿದ್ಯುದಾಗಾರದಿಂದ ಹೊರಬಿದ್ದ ನೀರೂ ಭೀಮೇಶ್ವರಿಗಿಂತ ಮೇಲೆಯೇ ಕಾವೇರಿಗೆ ಸೇರುತ್ತದೆ. ಹೀಗಾಗಿ ಈ ದಂಡೆಯಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ, ಇಳಿಯುತ್ತದೆ. ಶಿವನಸಮುದ್ರದ ವಿದ್ಯುದಾಗಾರದ ನೆಲೆಯನ್ನು ಈ ಭಾಗದವರು ಬ್ಲಫ್ ಎನ್ನುತ್ತಾರೆ. "ಬ್ಲಫ್ಫಲ್ಲಿ ನೀರು ಬಿಟ್ಟವ್ರೆ ಸಾರ್, ಆ ಕಲ್ಲು ನೋಡ್ತಾ ಇರಿ" ಎಂದು ತೆಪ್ಪದವರೊಬ್ಬರು ಈ ಸಲವೂ ಕೈ ತೋರಿಸಿದರು. ಮೊದಲು ಒಣ ಎಲೆ, ಕಡ್ಡಿ, ಸಣ್ಣ ನೊರೆ ತೇಲಿ ಬರುತ್ತವೆ. ಆಮೇಲೆ ಬಂಡೆಯ ಒಣಗಿದ ಬಿಳಿಯ ಅಂಚು ಕೆಳಗಿನಿಂದ ಬೆರಳಗಲ, ಬೆರಳಗಲವಾಗಿ ಕಪ್ಪಾಗುತ್ತದೆ. ಗಾಳ ಹಾಕುತ್ತಿದ್ದಾಗ ಈ ಕಪ್ಪು ಅಂಚನ್ನು ನೋಡಿಯೇ ದಾರ ಸುತ್ತಿಕೊಂಡು, ಸೆಳೆತ ಕಡಿಮೆಯಿರುವ ಮಡು ಹುಡುಕಿಕೊಂಡು ಹೋಗುತ್ತಿದ್ದೆವು.

ಆ ದಿನಗಳ ಎರೆ ರಾಗಿ. ರಾಗಿ ಹಿಟ್ಟಿಗೆ ಮಸಾಲೆ ಬೆರೆಸಿ, ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಬೇಕು. ಹೆಚ್ಚು ಬೆಂದರೆ ಮೀನು ಬಾಯಿ ಹಾಕುವುದಿಲ್ಲ, ಕಡಿಮೆ ಬೆಂದರೆ ನೀರಿಗೆ ಬಿದ್ದೊಡನೆ ಕರಗುತ್ತದೆ. ಸೋಂಪು ಹಾಕಬೇಕೆ, ಇಂಗು ಹಾಕಬೇಕೆ ಎಂಬ ಬಗ್ಗೆ ಒಬ್ಬೊಬ್ಬ ಗೈಡಿಗೂ ಒಂದೊಂದು ನಂಬಿಕೆಯಿತ್ತು, ಮತ್ತು ಆ ಗುಟ್ಟನ್ನು ಅವರು ಪಕ್ಕದ ತೆಪ್ಪದವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಬೆಂದ ಉಂಡೆಯನ್ನು ಗಾಳದ ಕೊಕ್ಕೆ ಮುಚ್ಚುವಂತೆ ಹಿಸುಕಿ ಮೆತ್ತಿ, ಹರಿವಿನ ಅಂಚಿಗೆ ಎಸೆದು, ದಾರವನ್ನು ಎರಡು ಬೆರಳ ನಡುವೆ ಹಿಡಿದು ಕೂರಬೇಕು. ಸಣ್ಣ ಮೀನುಗಳು ಚುಚ್ಚಿ ತಿನ್ನುವ ಮಿಡಿತ ಬೇರೆ, ಬಿಳಿಮೀನು ಎಳೆಯುವ ರೀತಿಯೇ ಬೇರೆ. ಅದರ ದವಡೆಯಲ್ಲಿ ಹಲ್ಲಿಲ್ಲ. ಏಡಿ, ಬಸವನಹುಳುಗಳನ್ನು ಅರೆಯುವ ಬಲವಾದ ಹಲ್ಲುಗಳು ಗಂಟಲಿನಲ್ಲಿವೆ. ಆದ್ದರಿಂದ ಅದು ಮೊದಲು ಉಂಡೆಯನ್ನು ಒಳಗೆಳೆದುಕೊಳ್ಳುತ್ತದೆ, ಕೊಕ್ಕೆ ನಾಟಿದ್ದು ತಿಳಿದೊಡನೆ ಬಂಡೆಗಳ ಸಂದಿನತ್ತ ಒಂದೇ ಉಸಿರಿಗೆ ಓಡುತ್ತದೆ. ಆ ಮೊದಲ ಓಟದಲ್ಲಿ ರೀಲು ಚೀರುವ ಸದ್ದನ್ನು ಕೇಳಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಈ ಮೀನಿನ ಖ್ಯಾತಿ ಹಳೆಯದು. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುವ ಕಲೆಗೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ ಬಿಳಿಮೀನು ಹಿಡಿದದ್ದು ಇಂದಿಗೂ ಗಾಳಗಾರರ ಮಾತಿನಲ್ಲಿ ಬರುವ ದಾಖಲೆ. ನಡುವೆ ಮೀನು ಮುಗಿದೇ ಹೋಯಿತು ಎಂಬ ಭಾವನೆ ಬೆಳೆದಿದ್ದಾಗ, 1970ರ ದಶಕದ ಕೊನೆಯಲ್ಲಿ ಬಂದ ಮೂವರು ಇಂಗ್ಲಿಷ್ ಗಾಳಗಾರರು ಕಾವೇರಿಯಲ್ಲಿ ಅದು ಇನ್ನೂ ಉಳಿದಿದೆಯೆಂದು ತೋರಿಸಿಕೊಟ್ಟರು. ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳ ಶಿಬಿರಗಳು ಬೆಳೆದದ್ದು ಆಮೇಲೆ. ಹಿಂದೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದ ಕೆಲವರು ಅದೇ ಶಿಬಿರಗಳಲ್ಲಿ ಗೈಡುಗಳಾಗಿ, ಕಾವಲುಗಾರರಾಗಿ ಹೊಳೆ ಕಾಯತೊಡಗಿದ್ದು ನನ್ನ ಮಟ್ಟಿಗೆ ಗಾಳದ ಕಾಲದ ಎಲ್ಲಕ್ಕಿಂತ ದೊಡ್ಡ ಸಾಧನೆ.

ವನ್ಯಜೀವಿಧಾಮದೊಳಗೆ ಮೀನನ್ನು ಹಿಡಿಯುವುದು, ಹಿಡಿದು ಬಿಟ್ಟರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಆಗುತ್ತದೆ ಎಂಬ ಕಾರಣಕ್ಕೆ 2012ರ ಹೊತ್ತಿಗೆ ಇಲ್ಲಿ ಗಾಳ ನಿಂತಿತು. ಕಾಯ್ದೆಗೆ ನಾನು ತಲೆಬಾಗುತ್ತೇನೆ. ಆದರೂ ಒಂದು ಮಾತನ್ನು ಹೇಳದೆ ಇರಲಾರೆ: ಈ ಮೀನಿನ ಅವನತಿಯನ್ನು ವಿಜ್ಞಾನಿಗಳು ಗುರುತಿಸಿದ್ದೇ ಗಾಳಗಾರರ ಲೆಕ್ಕದ ಪುಸ್ತಕಗಳಿಂದ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಕಿತ್ತಳೆ ರೆಕ್ಕೆಯ, ಬೆನ್ನು ಗೂನಾದ ಕಾವೇರಿಯ ಸ್ವಂತ ಬಿಳಿಮೀನು ಕುಗ್ಗುತ್ತಾ ಬಂದು, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ತಳಿ ಹೆಚ್ಚುತ್ತಾ ಹೋದದ್ದು ಕಂಡುಬಂದಿತು. ಆ ನೀಲಿ ರೆಕ್ಕೆಯ ಮರಿಗಳನ್ನು ಬೆಳೆಸಿದ್ದು ಮಹಾರಾಷ್ಟ್ರದ ಲೋನಾವಳದಲ್ಲಿ, ಅದೂ ಒಂದು ಜಲವಿದ್ಯುತ್ ಕಂಪನಿಯಾದ ಟಾಟಾ ಪವರ್‌ನ ಮೀನುಮರಿ ಕೇಂದ್ರದಲ್ಲಿ. ಹೊಳೆಗಳಲ್ಲಿ ಬಿಳಿಮೀನು ಮತ್ತೆ ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಅವುಗಳನ್ನು ಕಾವೇರಿಗೆ ಬಿಟ್ಟದ್ದು. ಶತಮಾನಕ್ಕೂ ಮೀರಿ ಗಾಳಗಾರರು ಕೊಂಡಾಡಿದ ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ, ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಮ್ಮ ಕೈಯಿಂದ ಜಾರಿ ನೀರಿಗೆ ಹೋದ ಆ ಮೀನುಗಳ ಬೆಲೆ ಎಷ್ಟೆಂಬುದು ನಮಗೆ ಆಗ ಪೂರ್ತಿಯಾಗಿ ತಿಳಿದಿರಲಿಲ್ಲ.

ಇನ್ನು ಶಿಬಿರದ ವಿಷಯ. ಹೊಳೆಗೆ ಮುಖ ಮಾಡಿದ ಮರದ ಮನೆಗಳೂ ಡೇರೆಯ ಕೋಣೆಗಳೂ ಇವೆ; ಬೆಂಗಳೂರಿನ ಹೋಟೆಲಿನ ಅನುಕೂಲ ಬಯಸುವವರಿಗೆ ಇವು ಸಾದಾ ಎನಿಸಬಹುದು, ನನಗೆ ಸಾಕಷ್ಟಾಯಿತು. ಗೋಲ್ ಘರ್ ಎಂದು ಕರೆಯುವ, ಸುತ್ತಲೂ ತೆರೆದ ಊಟದ ಮನೆಯಲ್ಲಿ ಬಿಸಿ ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಹಗ್ಗದ ಮೇಲೆ ನಡೆಯುವ, ತಂತಿಯಲ್ಲಿ ಜಾರುವ ಆಟಗಳು ಹುಡುಗರಿಗೆ ಹಿಡಿಸುತ್ತವೆ. ನಾನು ಅವುಗಳ ಕಡೆ ಹೋಗಲಿಲ್ಲ. ಹೊಳೆಯನ್ನು ಬಿಟ್ಟು ಬೇರೆಡೆ ಗಮನ ಕೊಡಲು ಮನಸ್ಸಾಗಲಿಲ್ಲ.

ಈ ಶಿಬಿರದ ನಿಜವಾದ ಸೇವೆ ತೆಪ್ಪದ ಸವಾರಿ. ಬಿದಿರಿನ ತಟ್ಟಿಗೆ ಹೊದಿಕೆ ಹಾಕಿ ಡಾಂಬರು ಬಳಿದ ಆ ದುಂಡನೆಯ ತೆಪ್ಪ, ಒಂದೇ ಹುಟ್ಟು, ಬಂಡೆಗಳ ನಡುವಿನ ದಾರಿಯನ್ನು ನೀರಿನ ಬಣ್ಣದಿಂದಲೇ ಓದುವ ಸುತ್ತಲಿನ ಹಳ್ಳಿಯ ಜನ, ಇವು ಗಾಳದ ಕಾಲದಿಂದ ಹಾಗೆಯೇ ಉಳಿದಿವೆ. ಸಂಜೆಯದಕ್ಕಿಂತ ಬೆಳಗಿನ ಸವಾರಿಯನ್ನೇ ಆರಿಸಿಕೊಳ್ಳಿ. ಹೊಳೆಮತ್ತಿ ಮರಗಳ ಬೇರಿನ ಬಳಿ ನೀರುನಾಯಿಗಳ ಗುಂಪು ಮೀನು ಕಚ್ಚಿಕೊಂಡು ಏರುವುದನ್ನು, ಮರಳ ದಿಬ್ಬದ ಮೇಲೆ ಬಾಯ್ತೆರೆದು ಮಲಗಿದ ಮೊಸಳೆಯನ್ನು, ಕೊಂಬೆಯಿಂದ ಕೊಂಬೆಗೆ ಹಾರುವ ಬೂದು ಬಣ್ಣದ ದೊಡ್ಡ ಅಳಿಲನ್ನು ನಾನು ನೋಡಿದ್ದು ಬೆಳಗಿನ ಹೊತ್ತಿನಲ್ಲೇ. ತಿಳಿನೀರಿನ ಮಡುವಿನ ಮೇಲೆ ತೆಪ್ಪವನ್ನು ನಿಲ್ಲಿಸಿ ಕೆಳಗೆ ನೋಡಿದಾಗ, ಬಂಡೆಯ ನೆರಳಿನಿಂದ ಎರಡು ಬಿಳಿಮೀನುಗಳು ನಿಧಾನವಾಗಿ ಹೊರಬಂದು, ಬಾಲದ ಒಂದು ಹೊಡೆತಕ್ಕೆ ಮರೆಯಾದವು. ರೆಕ್ಕೆಯ ಅಂಚಿನಲ್ಲಿ ನೀಲಿಯಿತ್ತು. ಕಿತ್ತಳೆ ಬಣ್ಣಕ್ಕಾಗಿ ಬಹಳ ಹೊತ್ತು ಕಾದೆ, ಕಾಣಲಿಲ್ಲ.

ಜನವರಿಯಿಂದ ಮಾರ್ಚಿಯವರೆಗಿನ ತಿಂಗಳುಗಳು ಹೋಗಲು ಉತ್ತಮ, ನೀರು ತಿಳಿಯಾಗಿರುತ್ತದೆ. ಮುಂಗಾರಿನಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ತೆಪ್ಪ ಇಳಿಸುವುದು ಸಾಧ್ಯವಾಗದು, ಆಗ ಹಳೆಯ ಗಾಳಗಾರರಿಗೆ ಅಲ್ಲಿ ನೋಡಲು ಹೆಚ್ಚೇನೂ ಉಳಿಯುವುದಿಲ್ಲ. ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರಿನ ಮಾರ್ಗವಾಗಿ ಸುಮಾರು 100 ಕಿಲೋಮೀಟರ್; ಮುತ್ತತ್ತಿಯ ಹನುಮಂತನ ಗುಡಿಗೆ ಹೋಗುವ ಕಾಡಿನ ದಾರಿಯಲ್ಲಿ ಆನೆಗಳು ಅಡ್ಡ ಬರುವುದರಿಂದ ಕತ್ತಲಾಗುವ ಮುನ್ನವೇ ತಲುಪುವುದು ಒಳ್ಳೆಯದು. ವಾರಾಂತ್ಯ ಬಿಟ್ಟು ಹೋದರೆ ತೆಪ್ಪದವರು ಅವಸರವಿಲ್ಲದೆ ಮಾತಿಗೆ ಸಿಗುತ್ತಾರೆ. ಮನೆಯಲ್ಲಿ ಹಳೆಯ ಫೋಟೋಗಳೋ ಮೀನಿನ ತೂಕ, ತಾರೀಖು, ಜಾಗ ಬರೆದಿಟ್ಟ ಪುಸ್ತಕವೋ ಇದ್ದರೆ ಜೊತೆಗೆ ಒಯ್ಯಿರಿ. ಚಿತ್ರದಲ್ಲಿ ನಿಮ್ಮ ಬೆನ್ನ ಹಿಂದಿರುವ ಬಂಡೆಯನ್ನು ನೋಡಿಯೇ ಅದು ಯಾವ ಮಡು ಎಂದು ಅವರು ಹೇಳುತ್ತಾರೆ, ಮತ್ತು ನೀರಿನ ಮಟ್ಟ ಒಪ್ಪಿದರೆ ತೆಪ್ಪವನ್ನು ಅಲ್ಲಿಗೇ ಕೊಂಡೊಯ್ಯುತ್ತಾರೆ.