ಗ್ರೈಂಡರ್, ವಿನೆಗರ್, ಕರೆಂಟು, ಎವಾಪೊ-ರಸ್ಟ್: ಹಳೆಯ ಮಸ್ಟಂಗಿನ ತುಕ್ಕಿಗೆ ಯಾವುದು ಸರಿ?

ಹಳೆಯ ಮಸಲ್ ಕಾರನ್ನು, ಅಂದರೆ ದೊಡ್ಡ ಎಂಜಿನ್ನಿನ ಆ ಕಾಲದ ಅಮೆರಿಕನ್ ಕಾರನ್ನು, ಮನೆಯಲ್ಲೇ ಸರಿ ಮಾಡುತ್ತಿದ್ದೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಎಂಜಿನ್ ಬಗ್ಗೆ. ನಿಜವಾಗಿ ಜೀವ ಹಿಂಡುವುದು ತುಕ್ಕು. ನಾನಿರುವ ಅಮೆರಿಕದ ಮಿಷಿಗನ್‌ನಲ್ಲಂತೂ ಕೇಳುವುದೇ ಬೇಡ. ಚಳಿಗಾಲ ಬಂತೆಂದರೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಅಡಿಯ ಸಂದಿಗೊಂದಿಗೆಲ್ಲ ಸೇರುತ್ತದೆ. ನನ್ನದು 1968ರ ಫೋರ್ಡ್ ಮಸ್ಟಂಗ್, 289 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 4.7 ಲೀಟರ್‌ನ ಎಂಟು ಸಿಲಿಂಡರಿನ ವಿ8 ಎಂಜಿನ್. ಕಾರ್ಖಾನೆಯಲ್ಲಿ ಕೊಟ್ಟ ಕಾರಿನ ಗುರುತಿನ ನಂಬರು 8ಎಫ್ ಅಂತ ಶುರುವಾಗುತ್ತದೆ. 8 ಅಂದರೆ 1968, ಎಫ್ ಅಂದರೆ ಇಲ್ಲಿಯ ಡಿಯರ್‌ಬಾರ್ನ್ ಕಾರ್ಖಾನೆ. ಹುಟ್ಟಿದ್ದೂ ಇಲ್ಲೇ, ಉಪ್ಪು ತಿಂದಿದ್ದೂ ಇಲ್ಲೇ.

ತುಕ್ಕು ಬಿಡಿಸಲು ನಾಲ್ಕು ದಾರಿಗಳನ್ನು ಈ ಕಾರಿನ ಮೇಲೆ ನೋಡಿದೆ. ಯಾವುದೂ ಎಲ್ಲದಕ್ಕೂ ಆಗುವುದಿಲ್ಲ. ಕೈಯಲ್ಲಿರುವ ಭಾಗ ಯಾವುದು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಕಬ್ಬಿಣ ಉಜ್ಜುವ ಕೈ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜುವುದು ಎಲ್ಲಕ್ಕಿಂತ ಬೇಗ. ಒಳಗಿನ ನೆಲದ ತಗಡಿನಂಥ ಅಗಲ ಜಾಗಕ್ಕೆ ಇದೇ ಸರಿ. ಆದರೆ ತುಕ್ಕು ಗುಳಿ ಬಿದ್ದಿದ್ದರೆ ಬ್ರಷ್ ಮೇಲಷ್ಟೇ ಹೊಳಪು ಕೊಡುತ್ತದೆ, ಗುಳಿಯ ಒಳಗಿನ ಕಪ್ಪು ಹಾಗೇ ಉಳಿಯುತ್ತದೆ. ಟಾರ್ಚ್ ಅಡ್ಡ ಹಿಡಿದು ನೋಡಿ, ಸಣ್ಣ ಸಣ್ಣ ಕಪ್ಪು ಚುಕ್ಕೆ ಕಾಣುತ್ತವೆ. ಅದರ ಮೇಲೆ ಪೇಂಟ್ ಹೊಡೆದರೆ ಕೆಲವೇ ವರ್ಷದಲ್ಲಿ ಗುಳ್ಳೆ ಏಳುತ್ತದೆ. ಜೊತೆಗೆ ತುಂಡಾದ ತಂತಿ ಸೂಜಿಯ ಹಾಗೆ ಹಾರುತ್ತದೆ. ಮುಖಕ್ಕೆ ಪೂರ್ತಿ ಶೀಲ್ಡ್ ಬೇಕೇ ಬೇಕು. ಆ ಕಾಲದ ಪೇಂಟಿನಲ್ಲಿ ಸೀಸ ಇರಬಹುದು. ಮಸ್ಟಂಗಿನ ಚಾವಣಿಗೂ ಹಿಂದಿನ ಬದಿಯ ತಗಡಿಗೂ ನಡುವಿನ ಬೆಸುಗೆಗೆ ಕಾರ್ಖಾನೆಯಲ್ಲೇ ಸೀಸ ತುಂಬಿದ್ದಾರೆ. ಅಲ್ಲಿ ಗ್ರೈಂಡರ್ ಇಡಲೇಬೇಡಿ. ಉಳಿದ ಕಡೆಯೂ ಒಳ್ಳೆಯ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ.

ವಿನೆಗರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗ, ಸುಲಭ, ಸಣ್ಣ ನಟ್ಟು ವಾಷರಿಗೆ ಆಗುತ್ತದೆ. ಎತ್ತಿ ಅಡುಗೆ ಸೋಡಾ ನೀರಿನಲ್ಲಿ ತೊಳೆಯದಿದ್ದರೆ ಕಣ್ಣೆದುರೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ನಾನು ಬಿಟ್ಟುಬಿಟ್ಟೆ.

ನನಗೆ ತುಂಬಾ ಇಷ್ಟವಾಗಿದ್ದು ಕರೆಂಟಿನ ದಾರಿ, ಅಂದರೆ ಎಲೆಕ್ಟ್ರೋಲಿಸಿಸ್. ಒಂದು ಪ್ಲಾಸ್ಟಿಕ್ ಡ್ರಮ್, ನೀರು, 4 ಲೀಟರಿಗೆ ಸುಮಾರು ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಹಳೆಯ ನಮೂನೆಯ 12 ವೋಲ್ಟ್ ಬ್ಯಾಟರಿ ಚಾರ್ಜರ್. ಈಗಿನ ಸ್ಮಾರ್ಟ್ ಚಾರ್ಜರುಗಳಲ್ಲಿ ಹಲವು, ಬ್ಯಾಟರಿ ಇಲ್ಲ ಅಂತ ಗೊತ್ತಾದರೆ ಕರೆಂಟೇ ಕೊಡುವುದಿಲ್ಲ. ತುಕ್ಕು ಹಿಡಿದ ಭಾಗಕ್ಕೆ ನೆಗೆಟಿವ್, ಜೊತೆಗೆ ನೀರಿಗಿಳಿಸಿದ ಬೇಡದ ಕಬ್ಬಿಣದ ಸರಳಿಗೆ ಪಾಸಿಟಿವ್. ಇದು ತಿರುಗುಮುರುಗಾದರೆ ನಿಮ್ಮ ಭಾಗವೇ ಕರಗುತ್ತದೆ. ಸರಳಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಅಲ್ಯೂಮಿನಿಯಂ ಭಾಗಗಳನ್ನೂ ಇಳಿಸಬಾರದು. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲ. ಗ್ಯಾರೇಜ್ ಬಾಗಿಲು ತೆರೆದಿರಲಿ, ಕ್ಲಿಪ್ ತೆಗೆಯುವ ಮೊದಲು ಸ್ವಿಚ್ ಆರಿಸಿ.

ಬಂಪರಿನ ಬ್ರಾಕೆಟ್ ಒಂದನ್ನು ರಾತ್ರಿ ಇಳಿಸಿ ಬೆಳಗ್ಗೆ ಎತ್ತಿದೆ. ಮೇಲೆಲ್ಲ ಕಪ್ಪು ಕೆಸರು. ಪಾತ್ರೆ ತಿಕ್ಕುವ ಬ್ರಷ್‌ನಿಂದ ಉಜ್ಜಿದರೆ ಬೂದುಬಣ್ಣದ ಕಬ್ಬಿಣ, ಅದರ ಮೇಲೆ ಅಚ್ಚೊತ್ತಿದ ಸಿ7ಝಡ್ ಅನ್ನುವ ಗುರುತು. ಸಿ ಅಂದರೆ 1960ರ ದಶಕ, 7 ಅಂದರೆ 1967 (ಆ ಭಾಗ ರೂಪಿಸಿದ ವರ್ಷ, ಕಾರಿನದಲ್ಲ), ಝಡ್ ಅಂದರೆ ಮಸ್ಟಂಗ್. ಗ್ರೈಂಡರ್ ಹಿಡಿದಿದ್ದರೆ ಆ ಅಕ್ಷರ ಸವೆದುಹೋಗುತ್ತಿತ್ತು, ಅಲ್ವಾ? ಈ ದಾರಿ ಒಳ್ಳೆಯ ಕಬ್ಬಿಣವನ್ನು ಮುಟ್ಟುವುದಿಲ್ಲ, ತುಕ್ಕನ್ನಷ್ಟೇ ಬಿಡಿಸುತ್ತದೆ. ಒಂದೇ ಕೊರತೆ, ಸರಳಿಗೆ ಎದುರಾಗಿರುವ ಮುಖವೇ ಚೆನ್ನಾಗಿ ಶುದ್ಧವಾಗುತ್ತದೆ. ಆಗಾಗ ತಿರುಗಿಸಬೇಕು, ಸರಳನ್ನೂ ಕೆರೆಯುತ್ತಿರಬೇಕು.

ಸ್ಪ್ರಿಂಗುಗಳನ್ನು ಮಾತ್ರ ಇದರಲ್ಲಿ ಹಾಕಬಾರದು. ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿದರೆ ಅದು ಪೆಡಸಾಗಿ, ಭಾರ ಬಿದ್ದಾಗ ಫಟ್ಟನೆ ಮುರಿಯಬಹುದು. ಆಮ್ಲದಿಂದಲೂ ಇದೇ ಭಯ, ಹಾಗಾಗಿ ವಿನೆಗರೂ ಬೇಡ. ಅಂಗಡಿಯಲ್ಲಿ ಸಿಗುವ ಎವಾಪೊ-ರಸ್ಟ್ ಬೇಕಾಗುವುದು ಇಲ್ಲೇ. ಅದು ಆಮ್ಲವಲ್ಲ, ತುಕ್ಕಿನ ಕಬ್ಬಿಣವನ್ನು ಹಿಡಿದು ಎಳೆದುಕೊಳ್ಳುವ ದ್ರವ. ಬಾನೆಟ್ಟಿನ ಹಿಂಜ್ ನೋಡಿ: ರಿವೆಟ್ ಹಾಕಿದ ಕೀಲುಗಳು, ಒಳಗೆ ಬ್ರಷ್ ಹೋಗುವುದಿಲ್ಲ. ಇದರಲ್ಲಿ ಪೂರ್ತಿ ಮುಳುಗಿಸಿಟ್ಟರೆ ಕೀಲಿನೊಳಗೂ ಕೆಲಸವಾಗುತ್ತದೆ. ಅರ್ಧ ಮುಳುಗಿಸಿದರೆ ನೀರಿನ ಮಟ್ಟದಲ್ಲಿ ಗೆರೆ ಬೀಳುತ್ತದೆ. ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ತುಂಬಾ ನಿಧಾನ, ಹಾಗಾಗಿ ಇಲ್ಲಿಯ ಜನವರಿಯಲ್ಲಿ ಡಬ್ಬವನ್ನು ಮನೆಯೊಳಗೇ ಇಡಬೇಕು. ದುಬಾರಿ, ನಿಜ. ಆದರೆ ಮತ್ತೆ ಮತ್ತೆ ಬಳಸಬಹುದು.

ಈ ನಾಲ್ಕರಲ್ಲಿ ಒಂದೂ ನಡೆಯದ ಜಾಗ ಮಸ್ಟಂಗಿನಲ್ಲಿ ಒಂದಿದೆ. ಮುಂದಿನ ಗಾಜಿನ ಬುಡದಲ್ಲಿರುವ ಕೌಲ್. ಮೇಲೊಂದು ತಗಡು, ಕೆಳಗೊಂದು ತಗಡು, ಸ್ಪಾಟ್ ವೆಲ್ಡ್ ಮಾಡಿ, ಅಂದರೆ ಚುಕ್ಕೆ ಚುಕ್ಕೆಯಾಗಿ ಬೆಸೆದು ಮುಚ್ಚಿದ ಪೆಟ್ಟಿಗೆ. ಜಾಲರಿಯಿಂದ ಒಳಬಿದ್ದ ಎಲೆ ಕೊಳೆತು, ನೀರು ನಿಂತು, ಕಾರಿನೊಳಗೆ ಗಾಳಿ ಬರುವ ತೂತಿನ ಸುತ್ತ ತಗಡು ತಿಂದುಹೋಗುತ್ತದೆ. ಆಮೇಲೆ ಮಳೆನೀರು ನೇರ ಕಾಲ ಮೇಲೆ. ಇದಕ್ಕೆ ಯಾವ ದ್ರವ ಸುರಿದರೂ ಸುಮ್ನೆ ದುಡ್ಡು ದಂಡ. ಸ್ಪಾಟ್ ವೆಲ್ಡ್‌ಗಳನ್ನು ಡ್ರಿಲ್ ಮಾಡಿ ಮೇಲಿನ ತಗಡು ಬಿಚ್ಚಿ, ಕೊಳೆತದ್ದನ್ನು ಕತ್ತರಿಸಿ ಹೊಸದು ಬೆಸೆಯಬೇಕು. ಒಳಗೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್, ಸಂದಿಗೆ ಸೀಲರ್. ಡ್ಯಾಶ್‌ಬೋರ್ಡ್ ಕೂರಿಸುವ ಮೊದಲು ಜಾಲರಿಗೆ ಬಕೆಟ್ ನೀರು ಸುರಿದು, ಒಳಗೆ ಒಂದು ಹನಿಯೂ ಇಳಿಯುತ್ತಿಲ್ಲ ಅಂತ ನೋಡಿಕೊಳ್ಳಿ.